ಹಿಮ್ಮಡಿಯ ಗುಳಿ

ನೂರ ಮೂವತ್ತೇಳನೆಯ ಏಟು ಬಿದ್ದದ್ದು ಗುರುವಾರ ಮಧ್ಯಾಹ್ನದ ಆಟದಲ್ಲಿ. ಎಡಗೆನ್ನೆಗೆ. ಹಿಂದಿನ ನೂರ ಮೂವತ್ತಾರೂ ಅದೇ ಕೆನ್ನೆಗೇ ಬಿದ್ದಿದ್ದವು.

ಏಟು ಬಿದ್ದ ಕೂಡಲೇ ಚಪ್ಪಾಳೆ ಬಂತು. ಆ ನಾಟಕ ಮಂದಿರದಲ್ಲಿ ಆರುನೂರ ನಲವತ್ತು ಕುರ್ಚಿಗಳಿವೆ. ಅಂದು ಮುಕ್ಕಾಲು ಭಾಗ ತುಂಬಿತ್ತು. ಅಷ್ಟು ಜನರ ಚಪ್ಪಾಳೆ ಅವಳಿಗೆ ಬಲಗಿವಿಯಲ್ಲಿ ಮಾತ್ರ ಕೇಳಿಸಿತು. ಎಡಗಿವಿಯಲ್ಲಿ ಸೀಟಿ ಊದಿದ ಹಾಗೆ ಒಂದೇ ಸಮನೆ ಶಬ್ದ. ಅದು ನಿಲ್ಲಲಿಲ್ಲ. ಆ ಶಬ್ದದ ಮೇಲೆಯೇ ಅವಳು ಹಾಡಬೇಕಿತ್ತು.

ಹಾಡಿದಳು. ಎರಡನೆಯ ಸಾಲಿನಲ್ಲಿ ಶ್ರುತಿ ಜಾರಿತು. ವೇದಿಕೆಯ ಮುಂದಿನ ಗುಂಡಿಯಲ್ಲಿ ಕೂತಿದ್ದ ಹಾರ್ಮೋನಿಯಂ ಮೇಷ್ಟ್ರು ತಲೆ ಎತ್ತಿ ನೋಡಿದರು. ಮೂರನೆಯ ಸಾಲಿನಲ್ಲಿ ಇನ್ನಷ್ಟು ಜಾರಿತು. ಮುಂದಿನ ಕುರ್ಚಿಯಲ್ಲಿದ್ದ ಒಬ್ಬ ಗಂಡಸು ಪಕ್ಕದವರ ಕಡೆ ಬಾಗಿ ಏನೋ ಹೇಳಿ ನಕ್ಕ.

ಅವಳಿಗೆ ಮೂವತ್ತೊಂದು ವರ್ಷ. ಒಂಬತ್ತನೆಯ ವಯಸ್ಸಿನಿಂದ ಆ ಹಾಡು ಹಾಡುತ್ತಿದ್ದಳು. ಒಮ್ಮೆಯೂ ಅವಳ ಶ್ರುತಿ ತಪ್ಪಿರಲಿಲ್ಲ.

ಕಂಪನಿಯಲ್ಲಿ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಪೂರ್ತಿ ಹೇಳುವುದಾದರೆ ಪೊರಕೆಕಡ್ಡಿ. ಅವಳ ಅಮ್ಮ ಅದೇ ಮಂದಿರದಲ್ಲಿ ಇಪ್ಪತ್ತೆಂಟು ವರ್ಷದಿಂದ ಕಸ ಗುಡಿಸುತ್ತಿದ್ದಳು, ಶೌಚಾಲಯ ತೊಳೆಯುತ್ತಿದ್ದಳು. ಮಗಳು ಶಾಲೆ ಬಿಟ್ಟ ಮೇಲೆ ಅಮ್ಮನ ಹಿಂದೆ ಬಕೆಟ್ ಹೊತ್ತು ತಿರುಗಿದಳು. ಬಕೆಟ್ ಹೊತ್ತವಳ ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವು. ಆ ನಾಟಕದ ಹದಿನಾಲ್ಕು ಹಾಡುಗಳೂ ಅವಳ ಕಿವಿಗೆ ಬಿದ್ದವು. ಬಿದ್ದದ್ದನ್ನೆಲ್ಲ ಅವಳು ಇಟ್ಟುಕೊಂಡಳು.

ಎಲ್ಲರಿಗೂ ಗೊತ್ತಿರುವ ಕಥೆಯ ನಾಟಕ ಅದು. ಒಬ್ಬ ದೊಡ್ಡ ಮನುಷ್ಯ. ಅವನ ಮನೆಯಲ್ಲಿ ಬೆಳ್ಳಿಯ ದೀಪವೊಂದು ಕಳುವಾಗುತ್ತದೆ. ದಿನಾ ಅದನ್ನು ಒರೆಸುತ್ತಿದ್ದ ಕೆಲಸದವಳ ಮೇಲೆ ಗುಮಾನಿ. ದೊಡ್ಡ ಮನುಷ್ಯ ನಾಲ್ಕು ಹೆಜ್ಜೆ ನಡೆದು ಬಂದು "ಕಳ್ಳಿ" ಎನ್ನುತ್ತಾನೆ, ಕೆನ್ನೆಗೆ ಹೊಡೆಯುತ್ತಾನೆ. ಅವಳು ಬೀಳುತ್ತಾಳೆ. ಬಿದ್ದಲ್ಲಿಂದಲೇ ಹಾಡುತ್ತಾಳೆ. ಊರಿನ ಜನ ಆ ಹಾಡಿಗಾಗಿಯೇ ಮತ್ತೆ ಮತ್ತೆ ಬರುತ್ತಿದ್ದರು.

ಕೆಲಸದವಳ ಪಾತ್ರವನ್ನು ಅವಳಿಗಿಂತ ಮೊದಲು ದೊಡ್ಡಮ್ಮ ಮಾಡುತ್ತಿದ್ದಳು. ಕಂಪನಿಗೆಲ್ಲ ದೊಡ್ಡಮ್ಮ. ಆರು ವರ್ಷ ಮಾಡಿದಳು. ಎರಡು ವರ್ಷದ ಹಿಂದೆ ಒಂದು ದಿನ, ಆಟಕ್ಕೆ ಅರ್ಧ ಗಂಟೆ ಇರುವಾಗ, ಬಣ್ಣ ಹಚ್ಚಿಕೊಳ್ಳುತ್ತಾ ಕನ್ನಡಿಯ ಮುಂದೆಯೇ ಒರಗಿದಳು. ಮತ್ತೆ ಏಳಲಿಲ್ಲ. ಟಿಕೆಟ್ ಮಾರಿ ಆಗಿತ್ತು. ಆಗ ಮ್ಯಾನೇಜರನ ಕಣ್ಣು ಮೆಟ್ಟಿಲು ಒರೆಸುತ್ತಿದ್ದ ಕಡ್ಡಿಯ ಮೇಲೆ ಬಿತ್ತು.

"ನಿನಗೆ ಹಾಡು ಬರುತ್ತಲ್ಲ?"

"ಬರುತ್ತೆ ಸಾರ್."

"ನಡಿ ಹಾಗಾದ್ರೆ. ಬಟ್ಟೆ ಕೂಡ ಬದಲಾಯಿಸೋದು ಬೇಡ."

ಅವಳು ತೊಟ್ಟಿದ್ದದ್ದು ಅಮ್ಮನ ಹಳೆಯ ನೀಲಿ ಉಡುಪು. ಮೊಣಕಾಲಿನ ಬಳಿ ತೇಪೆ, ಅಂಚಿನಲ್ಲಿ ಫಿನಾಯಿಲಿನ ಬಿಳಿ ಕಲೆ. ಅದನ್ನು ತೊಟ್ಟೇ ವೇದಿಕೆ ಹತ್ತಿದಳು. ಆಮೇಲೆ ಅದೇ ಪಾತ್ರದ ವೇಷವಾಯಿತು. ಬೇರೆ ನಟಿಯರಿಗೆ ಉದ್ದ ಕನ್ನಡಿಯ ಬಣ್ಣದ ಕೋಣೆ ಇತ್ತು. ಅವಳಿಗೆ ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ ಇಡುವ ಗೂಡಿನಲ್ಲಿ ಅಂಗೈಯಗಲದ ಕನ್ನಡಿ ಕೊಟ್ಟರು. "ನಿನಗೆ ಅಲ್ಲಿ ಅಭ್ಯಾಸ ಇದೆಯಲ್ಲ" ಎಂದರು. ನೀರಿನ ಡ್ರಮ್ಮಿನ ಬಳಿ ಅವಳ ಲೋಟ ಬೇರೆ ಇತ್ತು. ಯಾರೂ ಹಾಗೆಂದು ಹೇಳಿರಲಿಲ್ಲ. ಒಮ್ಮೆ ಬೇರೆ ಲೋಟ ಎತ್ತಿಕೊಂಡಾಗ ಎಲ್ಲರೂ ಮಾತು ನಿಲ್ಲಿಸಿದರು. ಅಷ್ಟು ಸಾಕಾಯಿತು.

ದೊಡ್ಡ ಮನುಷ್ಯನ ಪಾತ್ರ ಧಣಿಯದು. ನಾಟಕದಲ್ಲೂ ಧಣಿ, ಹೊರಗೂ ಧಣಿ. ಕಂಪನಿಯಲ್ಲಿ ಅರ್ಧ ಪಾಲು ಅವನದು. ಮೂರನೆಯ ಆಟದಲ್ಲಿ ಅವನ ಕೈ ಅವಳ ಕೆನ್ನೆಯ ಮೇಲೆ ಬಿತ್ತು. ಅವಳಿಗೆ ಆಶ್ಚರ್ಯವಾಗಲಿಲ್ಲ. ಬಕೆಟ್ ಹಿಡಿದು ಪಕ್ಕದ ಪರದೆಯ ಹಿಂದೆ ನಿಂತಾಗಲೆಲ್ಲ ದೊಡ್ಡಮ್ಮನ ಕೆನ್ನೆಯ ಚಟಾರ್ ಶಬ್ದವನ್ನು ಅವಳು ಕೇಳಿದ್ದಳು. ಅದೂ ನಿಜದ ಏಟೇ ಎಂದುಕೊಂಡಿದ್ದಳು. ಈ ಪಾತ್ರವೆಂದರೆ ಇದು, ಅವಳೂ ತಿಂದಳು, ನಾನೂ ತಿನ್ನುತ್ತೇನೆ ಎಂದುಕೊಂಡಳು. ಆಟ ಮುಗಿದ ಮೇಲೆ ಧಣಿ ಹೇಳಿದ್ದ: "ದೊಡ್ಡಮ್ಮ ಇದನ್ನೆಲ್ಲ ಕಲೆ ಅಂತ ತಿಳ್ಕೊಂಡಿದ್ಲು. ನೀನೂ ತಿಳ್ಕೋ."

ತಿಳಿದುಕೊಂಡಳು. ಎರಡು ವರ್ಷ.

ಪತ್ರಿಕೆಯೊಂದು ಆ ಏಟಿನ ಬಗ್ಗೆ ಬರೆಯಿತು. 'ಮೈ ನಡುಗಿಸುವ ನೈಜತೆ' ಎಂದಿತು. ಧಣಿಯ ಚಿತ್ರ ಹಾಕಿತು. ಅವಳ ಹೆಸರು ಅದರಲ್ಲಿ ಇರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಅವಳು ಸರ್ಕಾರಿ ಆಸ್ಪತ್ರೆಗೆ ಹೋದಳು. ಕಿವಿಯ ಡಾಕ್ಟರು ಹೆಂಗಸು. ಬೆಳಕು ಬಿಟ್ಟು ಒಳಗೆ ನೋಡಿದರು. ಮತ್ತೊಮ್ಮೆ ನೋಡಿದರು.

"ತಮಟೆ ಹರಿದಿದೆಯಲ್ಲಮ್ಮ. ಯಾರು ಹೊಡೆದದ್ದು? ಗಂಡನಾ?"

"ಗಂಡ ಇಲ್ಲ ಮೇಡಂ. ಕೆಲಸದಲ್ಲಿ."

"ಎಂಥ ಕೆಲಸ?"

"ನಾಟಕ."

"ನಾಟಕದಲ್ಲಿ ಸುಳ್ಳುಸುಳ್ಳೇ ಹೊಡೀತಾರಲ್ಲ?"

"ಕಣ್ಣೀರು ಸುಳ್ಳು ಮೇಡಂ. ಏಟು ನಿಜ."

ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಬರೆದರು. ಎಡಗಿವಿಯ ತಮಟೆಯಲ್ಲಿ ತೂತು. ಹಳೆಯ ಗಾಯದ ಕಲೆಯೂ ಇದೆ. ಪೆಟ್ಟು ಬೀಳದಿದ್ದರೆ ಎರಡು ಮೂರು ತಿಂಗಳಲ್ಲಿ ಮುಚ್ಚಬಹುದು. ಇನ್ನೊಂದು ಪೆಟ್ಟು ಬಿದ್ದರೆ ಹೇಳಲಾಗದು. ಸಹಿ ಹಾಕಿ ಮೊಹರು ಒತ್ತಿದರು.

ಅವಳು ಆ ಕಾಗದ ಹಿಡಿದು ನೇರ ಮ್ಯಾನೇಜರನ ಕೋಣೆಗೆ ಹೋದಳು. ಧಣಿ ಅಲ್ಲೇ ಕಾಲು ಚಾಚಿ ಕೂತಿದ್ದ. ಮ್ಯಾನೇಜರ್ ಕಾಗದ ಓದಿದ. ಧಣಿಗೆ ಕೊಟ್ಟ. ಧಣಿ ಓದದೆ ವಾಪಸ್ ಕೊಟ್ಟ.

"ಹಾಗಾದ್ರೆ ಶ್ರುತಿ ತಪ್ಪಿದ್ದು ಇದಕ್ಕೇ ಅನ್ನು" ಎಂದ ಮ್ಯಾನೇಜರ್.

"ಇದಕ್ಕೇ ಸಾರ್. ಹೊಡೆಯೋದು ನಿಲ್ಲಿಸಿದ್ರೆ ವಾಸಿಯಾಗುತ್ತೆ ಅಂದಿದಾರೆ."

ಧಣಿ ನಕ್ಕ. "ಜನ ಅಳೋದೇ ಆ ಏಟಿಗೆ. ಕೈ ಹಾಗೆ ಗಾಳಿಲಿ ಆಡಿಸಿದ್ರೆ ನೊಣ ಓಡಿಸ್ತಿದಾನೆ ಅಂತಾರೆ."

"ಜನ ಅಳೋದು ಹಾಡಿಗೆ, ಧಣಿ."

ಅವಳು ಧಣಿಯ ಮಾತಿಗೆ ಎದುರಾಡಿದ್ದು ಅದೇ ಮೊದಲು.

ಧಣಿ ಕಾಲು ಮಡಚಿಕೊಂಡ. "ಹೌದೌದು. ಹಾಡಿಗೆ. ಅದಕ್ಕೇ ಹಾಡು ಕೆಡಬಾರದು. ಭಾನುವಾರದಿಂದ ಗಿಣಿ ಪರದೆ ಹಿಂದೆ ನಿಂತು ಹಾಡ್ತಾಳೆ. ನೀನು ಬಿದ್ದಲ್ಲೇ ಬಿದ್ದಿರು. ಬಾಯಿ ಆಡಿಸಿದ್ರೆ ಸಾಕು."

ಗಿಣಿ ಎಂದರೆ ಕಂಪನಿಯ ಹೊಸ ಹುಡುಗಿ. ಇಪ್ಪತ್ತು ವರ್ಷ. ಒಮ್ಮೆ ಕೇಳಿದ್ದನ್ನು ಹಾಗೆಯೇ ಒಪ್ಪಿಸುತ್ತಿದ್ದಳು, ಅದಕ್ಕೆ ಗಿಣಿ.

"ಏಟು ನನಗೆ, ಹಾಡು ಅವಳಿಗಾ?" ಎಂದಳು ಕಡ್ಡಿ.

"ಪಾತ್ರ ನಿಂದೇ ಇರುತ್ತಲ್ಲಮ್ಮ" ಎಂದ ಮ್ಯಾನೇಜರ್, ಏನೋ ದೊಡ್ಡದು ಕೊಟ್ಟವನ ಹಾಗೆ. ಡಾಕ್ಟರ ಕಾಗದವನ್ನು ನಾಲ್ಕಾಗಿ ಮಡಚಿ ಅವಳ ಕೈಗಿಟ್ಟ. "ಇದನ್ನ ಜೋಪಾನವಾಗಿಟ್ಕೋ."

*

ಮನೆ ಎಂದರೆ ಒಂದು ಕೋಣೆ. ಅಮ್ಮ ಮೊಣಕಾಲಿಗೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಕೂತಿದ್ದಳು. ಇಪ್ಪತ್ತೆಂಟು ವರ್ಷ ಕುಕ್ಕರುಗಾಲಲ್ಲಿ ನೆಲ ಒರೆಸಿದ ಮೊಣಕಾಲು. ಬೆರಳುಗಳ ಸಂದಿನಲ್ಲಿ ಚರ್ಮ ಸುಲಿದಿತ್ತು. ಮಗಳು ಕಾಗದವನ್ನು ಮೇಜಿನ ಮೇಲಿಟ್ಟಳು. ಅಮ್ಮನಿಗೆ ಓದು ಬಾರದು. ಆದರೆ ಮೊಹರು ಗೊತ್ತು.

"ಯಾರಿಗೇನಾಯ್ತೇ?"

ಮಗಳು ಹೇಳಿದಳು. ಎರಡು ವರ್ಷದಿಂದ ಹೇಳದ್ದನ್ನೆಲ್ಲ ಹೇಳಿದಳು. ಆಟ ನಡೆಯುವ ಹೊತ್ತಿನಲ್ಲಿ ಅಮ್ಮ ಶೌಚಾಲಯದ ಬಾಗಿಲಲ್ಲಿ ಇರಬೇಕಾಗುತ್ತಿತ್ತು. ಮಗಳ ಆಟವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಕೆಂಪು ಕೆನ್ನೆ ಕಂಡು ಕೇಳಿದಾಗಲೆಲ್ಲ ಮಗಳು ಬಣ್ಣ ಎಂದಿದ್ದಳು.

ಅಮ್ಮ ಬಟ್ಟೆಯನ್ನು ನೀರಿಗೆ ಹಾಕಿದಳು. ಹಿಂಡಲಿಲ್ಲ.

"ನಿನಗೆ ಯಾರೇ ಹೇಳಿದ್ದು ದೊಡ್ಡಮ್ಮ ಏಟು ತಿಂತಿದ್ಲು ಅಂತ?"

"ಧಣಿ. ನಾನೇ ಕೇಳಿದೀನಲ್ಲಮ್ಮ ಶಬ್ದಾನ."

"ಶಬ್ದ ಗುಂಡೀಲಿ ಕೂರೋ ಡೋಲಿನವಂದು ಕಣೇ! ಎರಡು ಹಲಗೆ ಇತ್ತು ಅವನ ಹತ್ರ, ಒಂದು ತುದಿ ಕಟ್ಟಿದ್ದು. ಚಟ್‌ಪಟ್ಟಿ ಅಂತಿದ್ರು. ಅದನ್ನ ಕುಟ್ಟಿದ್ರೆ ಕೆನ್ನೆ ಬಿರಿದ ಹಾಗೆ ಸದ್ದು. ಧಣಿ ಕೈ ದೊಡ್ಡಮ್ಮನ ಕೆನ್ನೆಯಿಂದ ಇಷ್ಟು ದೂರ ನಿಲ್ತಿತ್ತು." ಅಮ್ಮ ಗೇಣು ಅಗಲಿಸಿ ತೋರಿಸಿದಳು. "ಆರು ವರ್ಷ. ಒಂದು ದಿನಾನೂ ಆಯಮ್ಮನ ಕೆನ್ನೆ ಕೆಂಪಾಗಿದ್ದು ಕಾಣೆ."

"ನೀನು ಯಾವಾಗ ನೋಡ್ದೆ?"

"ತಾಲೀಮಿನಲ್ಲಿ. ಆಗೆಲ್ಲ ತಾಲೀಮು ನಡೀವಾಗಲೇ ಅಲ್ವಾ ನಾನು ವೇದಿಕೆ ಗುಡಿಸ್ತಿದ್ದದ್ದು, ನೀನು ಮೆಟ್ಟಿಲು ಒರೆಸ್ತಿದ್ದದ್ದು. ನಿನ್ನ ಕಾಲಕ್ಕೆ ತಾಲೀಮೇ ಇಲ್ವಲ್ಲ. ಡೋಲಿನವನಿಗೆ ಕಣ್ಣು ಸರಿಯಾಗಿ ಕಾಣಲ್ಲ. ಅದಕ್ಕೇ ಅವರಲ್ಲೊಂದು ಕಟ್ಟಳೆ. ಏಟು ತಿನ್ನೋರೇ ತಾಳ ಕೊಡಬೇಕು. ಧಣಿ ಕೈ ಎತ್ತಿದಾಗ ದೊಡ್ಡಮ್ಮ ಎಡಗಾಲ ಹಿಮ್ಮಡಿ ನೆಲಕ್ಕೆ ಕುಟ್ತಿದ್ಲು. ಹಿಮ್ಮಡಿ ಕೇಳಿದ್ರೆ ಅವನು ಪಟ್ಟಿ ಹೊಡೀತಿದ್ದ. ಅದೇ ಗಳಿಗೆಗೆ ಇವಳು ಮುಖ ತಿರುಗಿಸಿ ಬೀಳ್ತಿದ್ಲು."

ಮಗಳು ತಲೆ ಅಲ್ಲಾಡಿಸಿದಳು.

"ನಂಬಿಕೆ ಇಲ್ಲ ಅಂದ್ರೆ ಹೋಗಿ ನೋಡು" ಎಂದಳು ಅಮ್ಮ. "ವೇದಿಕೆ ಮಧ್ಯ, ಎಡಗಡೆಯಿಂದ ಏಳನೇ ಹಲಗೆ. ಅಲ್ಲೊಂದು ಗುಳಿ ಬಿದ್ದಿದೆ. ನಿಂಬೆಹಣ್ಣು ಕೂರೋವಷ್ಟು. ದಿನಾ ಅದರಲ್ಲಿ ಧೂಳು ಕೂರುತ್ತೆ, ಪೊರಕೆಗೆ ಬರಲ್ಲ. ಉಗುರಲ್ಲಿ ಕೆರೆದು ತೆಗೀತೀನಿ. ಅದು ಆಯಮ್ಮನ ಹಿಮ್ಮಡಿದು."

ಆಮೇಲೆ ಅಮ್ಮ ಅತ್ತಳು. ಮಗಳು ಏಟು ತಿಂದದ್ದಕ್ಕಲ್ಲ. ಇಷ್ಟು ವರ್ಷ ಆ ಗುಳಿ ಕೆರೆಯುತ್ತಾ, ಇದು ಮಗಳಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದಕ್ಕೆ.

*

ಶನಿವಾರ ಮಂದಿರ ಖಾಲಿ ಇತ್ತು. ಅವಳು ಚಪ್ಪಲಿ ಬಿಟ್ಟು ವೇದಿಕೆಗೆ ಹೋದಳು. ಎಡಗಡೆಯಿಂದ ಹಲಗೆ ಎಣಿಸಿದಳು. ಏಳನೆಯದರಲ್ಲಿ ಗುಳಿ ಇತ್ತು. ಎಡಗಾಲ ಹಿಮ್ಮಡಿ ಇಟ್ಟಳು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಎರಡು ವರ್ಷ ಆ ಗುಳಿಯಿಂದ ಎರಡಡಿ ದೂರದಲ್ಲಿ ನಿಂತು ಅವಳು ಹೊಡೆಸಿಕೊಂಡಿದ್ದಳು. ಧಣಿಯೇ, ತನ್ನ ಬಲ ಮಗ್ಗುಲು ಸಭೆಗೆ ಚೆನ್ನಾಗಿ ಕಾಣಬೇಕೆಂದು, ಆ ಜಾಗ ತೋರಿಸಿದ್ದ.

ಡೋಲಿನ ಮಾಮ ಗುಂಡಿಯಲ್ಲಿ ಕೂತು ಡೋಲಿನ ಹಗ್ಗ ಬಿಗಿಯುತ್ತಿದ್ದ. ಅರವತ್ತೆಂಟು ವರ್ಷ. ಎರಡೂ ಕಣ್ಣಿಗೆ ಪೊರೆ. ಅವಳು ಗುಂಡಿಯ ಅಂಚಿನಲ್ಲಿ ಕೂತಳು.

"ಮಾಮ, ಚಟ್‌ಪಟ್ಟಿ ಎಲ್ಲಿದೆ?"

ಅವನ ಕೈ ನಿಂತಿತು. "ಯಾರು ಹೇಳಿದ್ರು ನಿಂಗೆ?"

"ನಮ್ಮಮ್ಮ. ನೀವು ಯಾಕೆ ಹೇಳ್ಲಿಲ್ಲ?"

"ಹೇಳೋಕೆ ನಾನ್ಯಾರು ಮಗಾ? ಗುಂಡೀಲಿ ಕೂರೋನು."

"ಗುಂಡೀಲಿ ಕೂತೋರಿಗೂ ಬಾಯಿ ಇರುತ್ತಲ್ಲ."

"ಬಾಯಿ ಇದ್ದಿದ್ರೆ ಡೋಲು ಯಾಕೆ ಕಲೀತಿದ್ದೆ?" ಎಂದ. ತನ್ನ ಮಾತಿಗೆ ತಾನೇ ನಗಲು ನೋಡಿದ. ಆಗಲಿಲ್ಲ. "ಮೊದಲನೇ ದಿನ ನೀನು ಹಿಮ್ಮಡಿ ಕೊಡ್ತೀಯ ಅಂತ ಕಾದೆ. ಕೊಡ್ಲಿಲ್ಲ. ಎರಡನೇ ದಿನಾನೂ ಇಲ್ಲ. ಮೂರನೇ ದಿನ ಕೈ ಬಿದ್ದ ಸದ್ದು ಕೇಳ್ತು. ಮರ ಯಾವುದು, ಮೂಳೆ ಯಾವುದು ಅಂತ ನನಗೆ ತಿಳಿಯಲ್ವಾ? ಧಣಿಗೆ ಹೇಳೋಣ ಅಂತ ಹೋದೆ. ಅವನು, 'ಮುದುಕಾ, ಇನ್ನು ನಿನ್ನ ಪಟ್ಟಿ ಬೇಡ. ಇದೇ ಚೆನ್ನಾಗಿದೆ' ಅಂದ. ಎದ್ದು ಬಂದೆ."

"ಎದ್ದು ಬಂದ್ರಿ."

"ಬಂದೆ."

ಅವಳು ಅವನನ್ನು ಬಯ್ಯಬಹುದಿತ್ತು. ಬಯ್ಯಲು ಬೇಕಾದಷ್ಟು ಮಾತು ಬಾಯಿಗೆ ಬಂದಿತ್ತು. ನುಂಗಿದಳು.

"ನಾಳೆ ನಾನು ಹಿಮ್ಮಡಿ ಕೊಡ್ತೀನಿ. ಸ್ವಲ್ಪ ಬೇಗ ಕೊಡ್ತೀನಿ. ಅವನ ಕೈ ಸೊಂಟ ಬಿಟ್ಟ ಕೂಡ್ಲೇ. ನೀವು ಹೊಡೀಬೇಕು."

"ಮಾತು ಕೊಡಲ್ಲ ಮಗಾ. ಈ ವಯಸ್ಸಲ್ಲಿ ನನ್ನ ಹೊರಗೆ ಹಾಕಿದ್ರೆ..."

"ಮಾತು ಬೇಡ ಮಾಮ. ಪಟ್ಟಿ ತೊಡೆ ಮೇಲಿರ್ಲಿ. ಸಾಕು."

ಅವಳು ಎದ್ದು ಹೋಗುವಾಗ ಹಿಂದೆ ಮರದ ಪೆಟ್ಟಿಗೆ ತೆರೆದ ಸದ್ದಾಯಿತು. ಡೋಲಿನ ಸುತ್ತಿಗೆಗೋ ಪಟ್ಟಿಗೋ, ತಿಳಿಯಲಿಲ್ಲ.

*

ಭಾನುವಾರ ಎರಡು ಆಟ. ಮೂರು ಗಂಟೆಗೊಂದು, ಆರೂವರೆಗೊಂದು. ಮೂರರ ಆಟಕ್ಕೆ ಎಲ್ಲ ಕುರ್ಚಿಯೂ ತುಂಬಿತ್ತು. ಮೇಲಿನ ಅಟ್ಟದ ಅಗ್ಗದ ಬೆಂಚುಗಳಲ್ಲಿ ಜನ ಒಬ್ಬರ ಮೇಲೊಬ್ಬರು ಕೂತಿದ್ದರು.

ಏಟಿನ ದೃಶ್ಯ ಬಂತು. ಪರದೆಯ ಹಿಂದೆ ಗಿಣಿ ಗಂಟಲು ಸರಿಮಾಡಿಕೊಂಡು ನಿಂತಿದ್ದಳು. ಕಡ್ಡಿ ತನ್ನ ಜಾಗ ಬಿಟ್ಟು ಎರಡಡಿ ಸರಿದು ನಿಂತಳು. ಧಣಿ ಹುಬ್ಬು ಗಂಟಿಕ್ಕಿದ. ಅವಳು ಅಲ್ಲಾಡಲಿಲ್ಲ. ಹಿಮ್ಮಡಿಯ ಕೆಳಗೆ ಗುಳಿ ಇತ್ತು. ಬೆಳಿಗ್ಗೆ ಅಮ್ಮ ಅದರ ಧೂಳನ್ನು ಕೆರೆದು ತೆಗೆದಿದ್ದಳು.

ಧಣಿ ಒಂದು ಹೆಜ್ಜೆ ಇಟ್ಟ. ಎರಡು. ಮೂರು. ನಾಲ್ಕು.

"ಕಳ್ಳಿ!"

ಅವನ ಕೈ ಸೊಂಟ ಬಿಟ್ಟಿತು. ಅವಳು ಹಿಮ್ಮಡಿ ಕುಟ್ಟಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆ ಒಂದು ಕ್ಷಣದಲ್ಲಿ ಅವಳ ಕೆನ್ನೆಯೇ ಗಟ್ಟಿಯಾಯಿತು. ಇನ್ನೊಂದು ಪೆಟ್ಟಿಗೆ ಸಿದ್ಧವಾಯಿತು.

ಚಟಾರ್!

ಗುಂಡಿಯಿಂದ ಬಂತು. ಮುದುಕ ಯೋಚನೆ ಮಾಡಿ ಹೊಡೆದನೋ, ನಲವತ್ತು ವರ್ಷದ ಅಭ್ಯಾಸ ಹೊಡೆಯಿತೋ, ಅವನಿಗೇ ಗೊತ್ತಿರಲಿಕ್ಕಿಲ್ಲ. ಹಿಮ್ಮಡಿ ಕೇಳಿತು, ಕೈ ಹೊಡೆಯಿತು. ಅವಳು ಮುಖ ತಿರುಗಿಸಿ ಕುಸಿದಳು. ಸಭೆಯ ಪಾಲಿಗೆ ಏಟು ಬಿದ್ದಾಗಿತ್ತು. ಧಣಿಯ ಕೈ ಇನ್ನೂ ದಾರಿಯಲ್ಲಿತ್ತು.

ಪೂರ್ತಿ ಮೈಭಾರ ಹಾಕಿ ಬೀಸಿದ ಕೈ. ಕೆನ್ನೆ ಅಲ್ಲಿ ಇರಲಿಲ್ಲ. ಕೈ ಗಾಳಿಯಲ್ಲಿ ಹೋಯಿತು. ಅದರ ಹಿಂದೆ ಧಣಿಯೂ ಹೋದ. ಅರ್ಧ ಸುತ್ತು ತಿರುಗಿ ಮನೆಯ ಕಂಬವನ್ನು ತಬ್ಬಿಕೊಂಡ. ರಟ್ಟಿನ ಕಂಬ ಅಲ್ಲಾಡಿತು. ಅಟ್ಟದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಅಟ್ಟ ನಕ್ಕಿತು.

ಧಣಿ ತಿರುಗಿದ. ಮುಖದಲ್ಲಿ ಈಗ ನಾಟಕ ಇರಲಿಲ್ಲ. ಬಂದು ಅವಳ ರಟ್ಟೆ ಹಿಡಿದು ಎಳೆದು ನಿಲ್ಲಿಸಿದ. ಕೈ ಮತ್ತೆ ಎತ್ತಿದ.

ಅವಳು ಅವನ ಕಣ್ಣು ನೋಡಿದಳು. ಕೂಗಲಿಲ್ಲ. ಕೊನೆಯ ಬೆಂಚಿಗೆ ಕೇಳುವಷ್ಟು ದನಿ ಏರಿಸಿದಳು, ಕಡ್ಡಿ ಮುರಿದ ಹಾಗೆ ಹೇಳಿದಳು.

"ನಾಟಕದಲ್ಲಿ ಒಂದೇ ಏಟು ಇರೋದು, ಧಣಿ. ಅದು ಆಯ್ತು. ಎಲ್ಲರೂ ಕೇಳಿದ್ರು. ಈ ಎರಡನೇದು ಯಾರಿಗೆ? ಆ ಕೆಲಸದವಳಿಗಾ, ನನಗಾ?"

ನಗು ನಿಂತಿತು. ಸಭೆಯಲ್ಲಿದ್ದವರೆಲ್ಲ ಎತ್ತಿದ ಕೈಯನ್ನೇ ನೋಡುತ್ತಿದ್ದರು. ಹೊಡೆದರೆ ಅದು ನಾಟಕದ ಏಟಲ್ಲ ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಅಟ್ಟದಿಂದ ಒಬ್ಬ ಹೆಂಗಸಿನ ದನಿ ಬಂತು.

"ಹೊಡಿಯಯ್ಯ ನೋಡೋಣ!"

ಕೈ ಇಳಿಯಲೂ ಇಲ್ಲ, ಬೀಳಲೂ ಇಲ್ಲ. ಅವಳು ಅವನ ಹಿಡಿತದಿಂದ ರಟ್ಟೆ ಬಿಡಿಸಿಕೊಂಡಳು. ಹಾರ್ಮೋನಿಯಂ ಮೇಷ್ಟ್ರು ಹೆದರಿ ಹಾಡಿನ ಸ್ವರ ಹಿಡಿದುಬಿಟ್ಟಿದ್ದರು. ಪರದೆಯ ಹಿಂದೆ ಗಿಣಿ ಬಾಯಿ ತೆರೆದುಕೊಂಡು ನಿಂತಿದ್ದಳು. ಅವಳಿಗೆ ಹೇಳಿಕೊಟ್ಟಿದ್ದ ಪಾಠದಲ್ಲಿ ಇದು ಇರಲಿಲ್ಲ.

ಕಡ್ಡಿ ಧಣಿಗೆ ಬೆನ್ನು ತಿರುಗಿಸಿದಳು. ಆ ಕಂಪನಿಯಲ್ಲಿ ವೇದಿಕೆಯ ಮೇಲೆ ಧಣಿಗೆ ಯಾರೂ ಬೆನ್ನು ತೋರಿಸಿದ್ದಿಲ್ಲ. ಅವಳಿಗೆ ಬೇರೆ ದಾರಿ ಇರಲಿಲ್ಲ. ಹಾಗೆ ತಿರುಗಿದರೆ ಬಲಗಿವಿ ಹಾರ್ಮೋನಿಯಂ ಕಡೆಗೆ ಬರುತ್ತಿತ್ತು. ಸ್ವರ ನೆಟ್ಟಗೆ ಕಿವಿಗೆ ಬಿತ್ತು.

'ದೀಪ ಒರೆಸಿದ ಕೈಗೆ ಮಸಿಯೆಂದಿರಿ,
ಮನೆ ಬೆಳಗಿದ ಕೈಗೆ ಕಳವೆಂದಿರಿ...'

ಎರಡನೆಯ ಸಾಲು ಜಾರಲಿಲ್ಲ. ಮೂರನೆಯದೂ ಜಾರಲಿಲ್ಲ. ಬಿದ್ದುಕೊಂಡು ಹಾಡುವ ಹಾಡು ಅದು. ಅವಳು ನಿಂತು ಹಾಡಿದಳು.

*

ಆಟ ಮುಗಿದಾಗ ಐದೂಮುಕ್ಕಾಲು. ಮ್ಯಾನೇಜರನ ಕೋಣೆಯಲ್ಲಿ ಧಣಿ ನಿಂತೇ ಇದ್ದ. ಡೋಲಿನ ಮಾಮನನ್ನೂ ಕರೆಸಿದ್ದರು.

"ನಿನಗೆ ಪಟ್ಟಿ ಹೊಡೀಬೇಡ ಅಂದಿದ್ನಲ್ಲೋ ಮುದುಕಾ?"

"ಹಿಮ್ಮಡಿ ಕೇಳ್ತು, ಹೊಡ್ದೆ" ಎಂದ ಮಾಮ. "ಕಟ್ಟಳೆ ಅದೇ ಅಲ್ವಾ. ನನ್ನ ಕಣ್ಣಿಗೆ ನಿಮ್ಮ ಕೈ ಎಲ್ಲಿ ಕಾಣುತ್ತೆ ಧಣಿ?"

ಮ್ಯಾನೇಜರ್ ಗಡಿಯಾರ ನೋಡಿದ. "ಇದೆಲ್ಲ ಆಮೇಲೆ. ಏಯ್ ಕಡ್ಡಿ, ಧಣಿ ಹತ್ರ ತಪ್ಪಾಯ್ತು ಅನ್ನು. ಕಂಪನಿಯವರೆಲ್ಲರ ಮುಂದೆ ಅನ್ನು. ಸಂಜೆ ಆಟಕ್ಕೆ ಹತ್ತು."

"ಒಂದು ಕೇಳ್ತೀನಿ. ದೊಡ್ಡಮ್ಮನಿಗೆ ಆರು ವರ್ಷ ಯಾಕೆ ಹೊಡೀಲಿಲ್ಲ?"

"ಆಯಮ್ಮ ಕಲಾವಿದೆ" ಎಂದ ಧಣಿ.

"ನಾನು?"

ಉತ್ತರ ಎಲ್ಲರಿಗೂ ಗೊತ್ತಿತ್ತು.

"ತಪ್ಪಾಯ್ತು ಅನ್ನಲ್ಲ" ಎಂದಳು. "ಹಿಮ್ಮಡಿ ಇದ್ರೆ ಆಟಕ್ಕೆ ಬರ್ತೀನಿ. ಹಾಡು ನನ್ನದೇ ಆದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲ."

"ಇಲ್ಲ ಅಂದ್ರೆ ಇಲ್ಲ!" ಧಣಿ ಮೇಜು ಗುದ್ದಿದ. "ಗಿಣಿ ಮಾಡ್ತಾಳೆ. ಬಟ್ಟೆ ಬಿಚ್ಚಿಟ್ಟು ಹೊರಡು."

ಅವಳು ತನ್ನ ನೀಲಿ ಉಡುಪನ್ನು ನೋಡಿಕೊಂಡಳು. ತೇಪೆ. ಫಿನಾಯಿಲಿನ ಕಲೆ.

"ಇದು ಕಂಪನಿ ಬಟ್ಟೆ ಅಲ್ಲ ಧಣಿ. ನಮ್ಮಮ್ಮಂದು. ಎರಡು ವರ್ಷ ನಿಮಗೆ ಎರವಲು ಕೊಟ್ಟಿದ್ವಿ. ಈಗ ತಗೊಂಡು ಹೋಗ್ತಿದೀನಿ."

ಹಿಂಬಾಗಿಲು ಮೆಟ್ಟಿಲ ಗೂಡಿನ ಪಕ್ಕದಲ್ಲೇ ಇತ್ತು. ಕೆಲಸದವರೆಲ್ಲ ಅಲ್ಲಿಂದಲೇ ಓಡಾಡುತ್ತಿದ್ದರು. ಅವಳು ಎದುರಿನ ಬಾಗಿಲ ಕಡೆ ನಡೆದಳು. ಸಂಜೆಯ ಆಟಕ್ಕೆ ಜನ ಬರತೊಡಗಿದ್ದರು. ಬಣ್ಣ ಹಚ್ಚಿದ ಮುಖ ಕಂಡು ದಾರಿ ಬಿಟ್ಟರು.

ಪಡಸಾಲೆಯ ತಿರುವಿನಲ್ಲಿ ಗಿಣಿ ಅಡ್ಡ ಬಂದಳು. ಅವಳಿಗೆ ಸುದ್ದಿ ಮುಟ್ಟಿತ್ತು. ಮುಖ ಬಿಳುಚಿಕೊಂಡಿತ್ತು. ಕ್ಷಮೆ ಕೇಳುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಳು ಕಡ್ಡಿ. ಗಿಣಿ ಎರಡೂ ಮಾಡಲಿಲ್ಲ. ಸುತ್ತ ನೋಡಿ ತಗ್ಗಿದ ದನಿಯಲ್ಲಿ ಕೇಳಿದಳು.

"ಅಕ್ಕಾ, ಹಿಮ್ಮಡಿ ಎಡಗಾಲಿಂದೋ ಬಲಗಾಲಿಂದೋ?"

ಕಡ್ಡಿ ಅವಳನ್ನು ದಿಟ್ಟಿಸಿ ನೋಡಿದಳು.

"ಎಡಗಾಲು. ಏಳನೇ ಹಲಗೆ. ಅಲ್ಲೊಂದು ಗುಳಿ ಇದೆ. ಕತ್ತಲಲ್ಲೂ ಕಾಲಿಗೆ ಗೊತ್ತಾಗುತ್ತೆ."

*

ಅವಳು ಎದುರಿನ ಮೆಟ್ಟಿಲ ಮೇಲೆ ಕೂತಳು. ಬಾಗಿಲು ಮುಚ್ಚಿದರು. ಆಟ ಶುರುವಾಯಿತು. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ಕೈಯಲ್ಲಿ ಬಕೆಟ್ ಇರಲಿಲ್ಲ. ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ನಿನ್ನೂ ತೆಗೆದುಹಾಕ್ತಾರೆ ಕಣಮ್ಮ."

"ತೆಗೀಲಿ. ಶೌಚಾಲಯ ಧಣಿನೇ ತೊಳೀಲಿ. ಅವನಿಗೆ ನೈಜ ಅಭಿನಯ ಅಂದ್ರೆ ಪ್ರಾಣ ಅಲ್ವಾ."

ಮಗಳು ನಕ್ಕಳು. ನಕ್ಕರೆ ಎಡಗಿವಿ ನೋಯುತ್ತಿತ್ತು. ಆದರೂ ನಕ್ಕಳು.

ಆಮೇಲೆ ಬಲಗಿವಿಯನ್ನು ಬಾಗಿಲಿಗೆ ಒತ್ತಿ ಕೂತಳು. ಮೂರನೆಯ ಹಾಡು. ಐದನೆಯ ಹಾಡು. ದೀಪ ಕಳುವಾಯಿತು. ಧಣಿಯ ಹೆಜ್ಜೆ ಎಣಿಸಿದಳು. ನಾಲ್ಕು.

"ಕಳ್ಳಿ!"

ಮರದ ಮೇಲೆ ಹಿಮ್ಮಡಿ ಬಿತ್ತು, ಗುಳಿಯ ಟೊಳ್ಳು ಸದ್ದಿನೊಂದಿಗೆ. ಎಡಗಾಲು. ಸರಿಯಾದ ಹಲಗೆ. ಹಿಂದೆಯೇ ಪಟ್ಟಿಯ ಸದ್ದು. ಮರದ ಸದ್ದು, ಮೂಳೆಯದಲ್ಲ. ಈಗ ಅವಳಿಗೂ ವ್ಯತ್ಯಾಸ ತಿಳಿಯುತ್ತಿತ್ತು. ಅದರ ಮೇಲೆ ಇನ್ನೊಂದು ಸದ್ದು ಬೀಳುತ್ತದೆಯೇ ಎಂದು ಉಸಿರು ಹಿಡಿದು ಕಾದಳು. ಬೀಳಲಿಲ್ಲ. ಅವಳ ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಕೆನ್ನೆ ತಣ್ಣಗಿತ್ತು.

ಹಾರ್ಮೋನಿಯಂ ಹಾಡಿನ ಸ್ವರ ಹಿಡಿಯಿತು. ಗಿಣಿ ಹಾಡಬೇಕಿತ್ತು. ಸ್ವರ ಒಂದು ಸುತ್ತು ಬಂತು. ದನಿ ಇಲ್ಲ. ಎರಡನೆಯ ಸುತ್ತು ಬಂತು. ಗಿಣಿ ಬಾಯಿ ಬಿಡಲಿಲ್ಲ. ಒಮ್ಮೆ ಕೇಳಿದ್ದನ್ನು ಮರೆಯುವ ಹುಡುಗಿಯಲ್ಲ ಅವಳು. ಸಭೆಯಲ್ಲಿ ಪಿಸುಮಾತು ಎದ್ದಿತು. ಮೇಷ್ಟ್ರು ಮೂರನೆಯ ಸಲ ಶುರು ಮಾಡಿದರು.

"ಏನಾಯ್ತೇ ಅವಳಿಗೆ?" ಎಂದಳು ಅಮ್ಮ.

"ಏನೂ ಆಗಿಲ್ಲ. ಹಾಡು ಅವಳದಲ್ಲ, ಅದಕ್ಕೆ."

ಅವಳು ಎದ್ದಳು. ನೀಲಿ ಉಡುಪಿನ ಧೂಳು ಕೊಡವಿದಳು. ಅಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು.

"ಬಾ, ನೀನು ನನ್ನ ಆಟ ನೋಡೇ ಇಲ್ಲ" ಎಂದಳು. ಎದುರಿನ ಬಾಗಿಲನ್ನು ಎರಡೂ ಕೈಯಿಂದ ತಳ್ಳಿದಳು. ಬಲಗಿವಿಯನ್ನು ಹಾರ್ಮೋನಿಯಂ ಕಡೆಗಿಟ್ಟುಕೊಂಡು, ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆಯುತ್ತಾ ಮೊದಲ ಸಾಲು ಎತ್ತಿದಳು.